ಬಣ್ಣ ಆರಿಸುವುದು ಮಳೆಗಾಲದಲ್ಲಿ, ಬಳಿಯುವುದು ಬೇಸಿಗೆಯಲ್ಲಿ

ಕೊಡಗಿನಲ್ಲಿ ಮನೆಗೆ ಬಣ್ಣ ಬಳಿಯುವ ಕಾಲ ಅಂದರೆ ಮಾರ್ಚ್, ಏಪ್ರಿಲ್. ಕಾಫಿ ಕೊಯ್ಲು ಮುಗಿದಿರುತ್ತದೆ. ಕೈಯಲ್ಲಿ ಒಂದಿಷ್ಟು ದುಡ್ಡು ಓಡಾಡುತ್ತಿರುತ್ತದೆ. ಗೋಡೆ ಒಣಗಿರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಂದು ಹೋದರೂ ಮಾರನೇ ದಿನ ಬಿಸಿಲು ಬರುತ್ತದೆ. ಹಾಗಾಗಿ ಬಣ್ಣ ಆರಿಸುವ ಕೆಲಸವೂ ಆಗಲೇ ನಡೆಯುತ್ತದೆ. ಅಂಗಡಿಯಿಂದ ಶೇಡ್ ಕಾರ್ಡ್ ಬರುತ್ತದೆ. ಬಿಸಿಲು ತುಂಬಿದ ಅಡುಗೆಮನೆಯಲ್ಲಿ ಎಲ್ಲರೂ ನಿಂತು ನೋಡುತ್ತಾರೆ. ಒಂದು ಒಪ್ಪಿಗೆ ಆಗುತ್ತದೆ, ವಾರದೊಳಗೆ ಪೇಂಟರ್ ಬರುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದುಕೊಂಡ ಮೇಲೆ ಅದೇ ಗೋಡೆ ಬೇರೆ ಬಣ್ಣ ತೋರಿಸುತ್ತದೆ. ನಮ್ಮ ಸುತ್ತಮುತ್ತ ಇಂಥ ಅಡುಗೆಮನೆಗಳು ಬೇಕಾದಷ್ಟಿವೆ.

ಬಳಿಯುವುದು ಬೇಸಿಗೆಯಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಒದ್ದೆ ಗೋಡೆಗೆ ಪುಟ್ಟಿ ಹಾಕಿದರೆ ನಿಲ್ಲುವುದಿಲ್ಲ, ಬಣ್ಣ ಗುಳ್ಳೆ ಏಳುತ್ತದೆ. ಆದರೆ ಆರಿಸುವುದನ್ನು ಮಾತ್ರ ಅದಕ್ಕೂ ಹಿಂದಿನ ಜುಲೈ, ಆಗಸ್ಟ್‌ನಲ್ಲೇ ಮುಗಿಸಿಕೊಳ್ಳಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ನಾಪೋಕ್ಲು ಕಡೆಯ ನಮ್ಮ ಹಳೇ ಮನೆಯ ಅಡುಗೆಮನೆಗೆ ಹಾಗೇ ಮಾಡಿದೆವು. ಯಾಕೆ, ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು ಅನ್ನಿಸಿತು. ಫೋನ್‌ನಲ್ಲಿ ಸಿಗುವ ಅಡುಗೆಮನೆ ಚಿತ್ರಗಳೆಲ್ಲ ಬೇರೆ ಊರಿನ ಬೆಳಕಿನಲ್ಲಿ ತೆಗೆದವು. ನಮ್ಮ ಬೆಳಕಿನ ಬಗ್ಗೆ ನಾವೇ ಮಾತಾಡಿಕೊಳ್ಳಬೇಕಲ್ವಾ?

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ವರ್ಷದ ಮೂರನೇ ಒಂದು ಭಾಗ, ಸೂರ್ಯ ಸರಿಯಾಗಿ ಮುಖ ತೋರಿಸುವುದಿಲ್ಲ. ಮೋಡ ದಾಟಿ ಬಂದ ಬೆಳಕನ್ನು ಮೊದಲು ತೋಟದ ಮರಗಳು ತಡೆಯುತ್ತವೆ. ಉಳಿದದ್ದನ್ನು ಮನೆಯ ಸೂರು ತಡೆಯುತ್ತದೆ. ಗೋಡೆಗೆ ಎರಚಲು ಹೊಡೆಯಬಾರದು ಅಂತ ಹಿರಿಯರು ಮಾಡನ್ನು ಚೆನ್ನಾಗಿ ಕೆಳಗೆ ಇಳಿಸಿಯೇ ಕಟ್ಟಿಸಿದ್ದಾರೆ. ಇಷ್ಟೆಲ್ಲ ದಾಟಿ ಕಿಟಕಿಯೊಳಗೆ ಬರುವುದು ಸೋಸಿದ ಬೆಳಕು. ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಾಕಿಕೊಂಡು ಅಕ್ಕಿ ಆರಿಸುವ ಮನೆಗಳಿವೆ. ಅಡುಗೆಮನೆಯಲ್ಲಿ ನಾವು ಅತಿ ಹೆಚ್ಚು ಹೊತ್ತು ಇರುವುದೂ ಇದೇ ತಿಂಗಳುಗಳಲ್ಲಿ. ಒಲೆ ಹತ್ತಿರ ಬೆಚ್ಚಗಿರುತ್ತದೆ, ಹೊರಗೆ ಹೋಗಲು ಮಳೆ ಬಿಡುವುದಿಲ್ಲ. ಕಾಫಿ ಲೋಟ ಹಿಡಿದುಕೊಂಡು ಮನೆಯವರೆಲ್ಲ ಅಲ್ಲೇ ಸೇರುತ್ತಾರೆ. ಬೇಸಿಗೆಯಲ್ಲಿ ಹೇಗೂ ಎಲ್ಲ ಬಣ್ಣವೂ ಚೆನ್ನಾಗಿಯೇ ಕಾಣುತ್ತದೆ. ಅಡುಗೆಮನೆ ಚೆನ್ನಾಗಿರಬೇಕಾದದ್ದು ಮಳೆಗಾಲದಲ್ಲಿ.

ಬೆಳಕು ಕಡಿಮೆ ಅನ್ನುವುದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಅದು ಹಸಿರು ಬೆಳಕು. ಎಲೆಗಳ ಮೇಲೆ ಬಿದ್ದು ಚಿಮ್ಮುವ ಬೆಳಕೂ ಹಸಿರು, ಎಲೆಗಳನ್ನು ತೂರಿ ಬರುವ ಬೆಳಕೂ ಹಸಿರು. ಒಂದು ಬಿಳಿ ಪಂಚೆಯನ್ನು ಅಂಗಳದಲ್ಲಿ ಹಿಡಿದು ನೋಡಿ, ಆಮೇಲೆ ತೋಟದ ಕಡೆಯ ಕಿಟಕಿಯ ಹತ್ತಿರ ಹಿಡಿದು ನೋಡಿ. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಈ ಹಸಿರು ವರ್ಷವಿಡೀ ಒಂದೇ ಥರ ಇರುವುದೂ ಇಲ್ಲ. ಮಳೆಗೆ ಮುಂಚೆ ಮರ ಕಪಾತು ಮಾಡಿದರೆ ಕಿಟಕಿಯಲ್ಲಿ ಬೆಳಕು ಒಮ್ಮೆಲೇ ಜಾಸ್ತಿಯಾಗುತ್ತದೆ. ಜನವರಿಯಲ್ಲಿ ಕಣದ ಸಿಮೆಂಟು ನೆಲದಿಂದ ಬಿಳಿ ಬೆಳಕು ಚಿಮ್ಮಿ ಒಳಗೆ ಬರುತ್ತದೆ. ಅರೇಬಿಕಾ ಎಲೆ ಗಾಢ ಹಸಿರು, ರೊಬಸ್ಟಾ ಎಲೆ ದೊಡ್ಡದು, ಬಣ್ಣ ತಿಳಿ. ಕಿಟಕಿಯ ಎದುರಿಗೆ ಯಾವುದಿದೆ ಅನ್ನುವುದರ ಮೇಲೂ ಅಡುಗೆಮನೆಯ ಬಣ್ಣ ಬದಲಾಗುತ್ತದೆ.

ಇನ್ನು ಕಾಲ ಕೆಳಗೆ ಏನಿದೆ ನೋಡೋಣ. ಹಳೇ ಮನೆಯಾದರೆ ಕೆಂಪು ನೆಲ. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ, ಕರಣೆಯಲ್ಲಿ ಉಜ್ಜಿ ಉಜ್ಜಿ ನುಣುಪು ತಂದ ನೆಲ. ಆ ಪುಡಿ ಕಬ್ಬಿಣದ ಆಕ್ಸೈಡು. ನಮ್ಮ ಮಣ್ಣಿನ ಕೆಂಪಿಗೂ ಮಾಡಿನ ಹೆಂಚಿನ ಕೆಂಪಿಗೂ ಅದೇ ಕಾರಣ. ಬಿಸಿಲಿಗೆ ಈ ಬಣ್ಣ ಮಾಸುವುದಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಮೊದಲ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆ ಹೆಂಚು ಘಟ್ಟ ಹತ್ತಿ ಬಂದು ನಮ್ಮ ಎಷ್ಟೋ ಮನೆಗಳ ಮಾಡು ಸೇರಿತು. ಅಟ್ಟ ಇಲ್ಲದ ಅಡುಗೆಮನೆಯಲ್ಲಿ ತಲೆ ಎತ್ತಿದರೆ ಕೆಂಪು, ತಲೆ ತಗ್ಗಿಸಿದರೂ ಕೆಂಪು.

ಅಂದರೆ ಶೇಡ್ ಕಾರ್ಡ್ ಬಿಚ್ಚುವ ಮೊದಲೇ ನಮ್ಮ ಅಡುಗೆಮನೆಯಲ್ಲಿ ಎರಡು ಬಣ್ಣಗಳು ಬಂದು ಕೂತಿರುತ್ತವೆ. ಒಳಗೆ ಕೆಂಪು, ಕಿಟಕಿಯಾಚೆ ಹಸಿರು. ಬಣ್ಣಗಳನ್ನು ಚಕ್ರದ ಹಾಗೆ ಜೋಡಿಸಿ ತೋರಿಸುವ ಚಿತ್ರ ನೋಡಿದ್ದರೆ ನಿಮಗೆ ಗೊತ್ತು, ಇವೆರಡೂ ಅಲ್ಲಿ ಎದುರುಬದುರು ಕೂರುತ್ತವೆ. ಒಂದು ಇನ್ನೊಂದನ್ನು ಎತ್ತಿ ತೋರಿಸುತ್ತದೆ. ನಾವು ಮಾಡಬೇಕಾದದ್ದು ಇವೆರಡರ ನಡುವೆ ಜಗಳ ಬರದ ಹಾಗೆ ಉಳಿದದ್ದನ್ನು ಹೊಂದಿಸುವುದು. ಹೊಸದಾಗಿ ಬಣ್ಣದ ಯೋಜನೆಯನ್ನೇ ಸೃಷ್ಟಿಸಲು ಹೊರಟರೆ ಕೆಲಸ ಕೆಡುತ್ತದೆ. ನೆಲ ಒಡೆಸಿ ಬಿಳಿ ಟೈಲ್ಸ್ ಹಾಕಿಸಿ ಅಂತ ಸಲಹೆ ಕೊಡುವವರು ತುಂಬಾ ಜನ ಸಿಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈಗ ಅಂಥ ನೆಲ ಉಜ್ಜುವ ಕೈಗಳು ಸಿಗುವುದೇ ಕಷ್ಟ. ವರ್ಷ ಕಳೆದಷ್ಟೂ ಅದರ ಹೊಳಪು ಏರುತ್ತಾ ಹೋಗುತ್ತದೆ.

ಒಳಾಂಗಣ ವಿನ್ಯಾಸದವರು 60-30-10 ಅನ್ನುವ ಒಂದು ಲೆಕ್ಕ ಹೇಳುತ್ತಾರೆ. ಒಂದು ಬಣ್ಣ ನೂರಕ್ಕೆ ಅರವತ್ತು ಪಾಲು, ಎರಡನೆಯದು ಮೂವತ್ತು, ಕಣ್ಣು ಸೆಳೆಯುವ ಮೂರನೆಯದು ಹತ್ತೇ ಹತ್ತು. ನಮ್ಮೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಕೊಡವರ ಉಡುಪು ನೆನಪಿಸಿಕೊಳ್ಳಿ. ಕರಿ ಕುಪ್ಯ ಮೈ ತುಂಬಾ. ಸೊಂಟಕ್ಕೆ ಕೆಂಪು ಚೇಲೆ. ಚೇಲೆಯಲ್ಲಿ ಸಿಕ್ಕಿಸಿದ ಪೀಚೆಕತ್ತಿಯ ಬೆಳ್ಳಿ ಹೊಳಪು ಇಷ್ಟೇ ಇಷ್ಟು. ಕುಪ್ಯ ಕೆಂಪಾಗಿ ಚೇಲೆ ಕಪ್ಪಾಗಿದ್ದರೆ ಆ ಗಾಂಭೀರ್ಯ ಬರುತ್ತಿತ್ತಾ? ಬಣ್ಣಗಳು ಅವೇ, ಪಾಲು ಬದಲಾದರೆ ನೋಟವೇ ಬದಲಾಗುತ್ತದೆ.

ಅಡುಗೆಮನೆಗೆ ಈ ಲೆಕ್ಕ ಹಾಕುವಾಗ ಕಿಟಕಿಯನ್ನೂ ಸೇರಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ. ಕಿಟಕಿಯಲ್ಲಿ ಕಾಣುವ ತೋಟ ನಮ್ಮ ಗೋಡೆಯ ಮೇಲಿನ ಬಣ್ಣವೇ. ಕೆಲವರು ಕಪಾಟಿಗೆ ಗಿಳಿಹಸಿರು ಲ್ಯಾಮಿನೇಟ್ ಹಾಕಿಸುತ್ತಾರೆ, ತೋಟಕ್ಕೆ ಹೊಂದುತ್ತದೆ ಅಂತ. ಅಂಗಡಿಯ ದೀಪದಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಮಳೆಯಲ್ಲಿ ತೊಳೆದು ನಿಂತ ಕಾಫಿ ಎಲೆಯ ಪಕ್ಕದಲ್ಲಿ ಯಾವ ಫ್ಯಾಕ್ಟರಿಯ ಹಸಿರೂ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಕಳೆ ಬಂದುಬಿಡುತ್ತದೆ. ಹಸಿರು ಬೇಕೇ ಬೇಕು ಅಂದರೆ ಬೂದಿ ಬೆರೆತ ಮಂಕು ಹಸಿರು ಆಯ್ದುಕೊಳ್ಳಿ. ಅದು ಹೊರಗಿನ ಹಸಿರಿಗೆ ಪೈಪೋಟಿ ಕೊಡದೆ ಸುಮ್ನೆ ಹಿಂದೆ ನಿಲ್ಲುತ್ತದೆ.

ವಾಸ್ತು ಬಗ್ಗೆ ಕೇಳುವವರಿದ್ದಾರೆ. ಆಗ್ನೇಯದಲ್ಲಿ ಅಡುಗೆಮನೆ, ಪೂರ್ವಕ್ಕೆ ಮುಖ, ಅಗ್ನಿಗೆ ಹೊಂದುವ ಕೆಂಪು, ಕಿತ್ತಳೆ ಬಣ್ಣ ಅಂತ ಹೇಳುತ್ತಾರೆ. ಕೆಂಪು ನೆಲ ಇದ್ದ ಮನೆಗೆ ಅದು ಆಗಲೇ ಸಿಕ್ಕಿಬಿಟ್ಟಿದೆ.

ಗೋಡೆಗೆ ಬರೋಣ. ನಮ್ಮ ಅತ್ತೆಯ ಕಾಲದಲ್ಲಿ ಅಡುಗೆಮನೆ ಗೋಡೆಗೆ ಸುಣ್ಣಕ್ಕೆ ನೀಲಿ ಕಲಸಿ ಬಳಿಯುತ್ತಿದ್ದರು. ಅದು ಬಡತನಕ್ಕೆ ಬಳಿದ ಬಣ್ಣ ಅಂತ ನಾವು ಅಂದುಕೊಂಡಿರುತ್ತೇವೆ. ಅತ್ತೆ ಬೇರೆಯೇ ಹೇಳಿದರು.

"ನೀಲಿ ಅಂತ ನೀವೆಲ್ಲ ಹೇಳ್ತೀರಿ. ಒಲೆ ಉರಿ ಮುಂದೆ ಕೂತವರಿಗೆ ಅದು ಬಿಳೀನೇ ಕಾಣ್ತಿತ್ತು."

ಅವರ ಮಾತು ನೂರಕ್ಕೆ ನೂರು ನಿಜ. ಸೌದೆ ಉರಿಯ ಬೆಳಕು ಕಡು ಹಳದಿ, ಕಿತ್ತಳೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಉರಿಯ ಬೆಳಕು ಸುಮಾರು 2000 ಕೆಲ್ವಿನ್ ಆಸುಪಾಸು ಇರುತ್ತದೆ. ಅಷ್ಟು ಹಳದಿ ಬೆಳಕು ತಿಳಿ ನೀಲಿ ಗೋಡೆಯ ಮೇಲೆ ಬಿದ್ದರೆ ಹಳದಿಯನ್ನು ನೀಲಿ ಕಳೆಯುತ್ತದೆ, ಗೋಡೆ ಬೆಳ್ಳಗೆ ಕಾಣುತ್ತದೆ. ಬಿಳಿ ಬಟ್ಟೆಗೆ ನೀಲಿ ಹಾಕುವುದೂ ಇದೇ ಕಾರಣಕ್ಕೆ. ಹೊಗೆಯ ಹಳದಿ ಮಾಸಲೂ ಅದರಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ಜೊತೆಗೆ ಹೊಸ ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇಗ ಹಿಡಿಯುವುದಿಲ್ಲ. ಎಷ್ಟು ಲೆಕ್ಕಾಚಾರದ ಆಯ್ಕೆ ನೋಡಿ! ಅವರ ಬೆಳಕಿಗೆ ಅವರ ಬಣ್ಣ ಸರಿಯಾಗಿ ಹೊಂದಿತ್ತು. ಈಗ ಸೌದೆ ಒಲೆ ಹಿಂದಿನ ಕೋಣೆಗೆ ಹೋಗಿದೆ, ಮುಂದೆ ಗ್ಯಾಸ್ ಮತ್ತು ಎಲ್‌ಇಡಿ ಬಂದಿವೆ. ಅದೇ ನೀಲಿ ಈಗ ಮಳೆಗಾಲದಲ್ಲಿ ಮೈ ನಡುಗಿಸುತ್ತದೆ.

ನೀಲಿ ಅಡುಗೆಮನೆಯ ಇನ್ನೊಂದು ಹೆಸರಾಂತ ಉದಾಹರಣೆ ಜರ್ಮನಿಯದ್ದು. 1926ರಲ್ಲಿ ಮಾರ್ಗರೆಟೆ ಶುಟೆ-ಲಿಹೊಟ್ಸ್ಕಿ ಅನ್ನುವ ವಾಸ್ತುಶಿಲ್ಪಿ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗೆ ಒಂದು ಅಡುಗೆಮನೆ ವಿನ್ಯಾಸ ಮಾಡಿದರು. ಇವತ್ತಿನ ಮಾಡ್ಯುಲರ್ ಕಿಚನ್‌ಗೆ ಅದೇ ಮೂಲ. ಅದರ ಕಪಾಟುಗಳಿಗೆ ಹಸಿರು ಬೆರೆತ ನೀಲಿ ಬಳಿಸಿದ್ದರು. ನೀಲಿಯ ಮೇಲೆ ನೊಣ ಕೂರುವುದಿಲ್ಲ ಅನ್ನುವ ನಂಬಿಕೆ ಆಗ ಇತ್ತು. ಚಂದ ಆಮೇಲೆ, ಮೊದಲು ಉಪಯೋಗ. ಅಡುಗೆಮನೆಗೆ ಬಣ್ಣ ಆರಿಸುವಾಗ ಎಲ್ಲ ಕಡೆಯೂ ಹೆಣ್ಣುಮಕ್ಕಳು ಹೀಗೇ ಯೋಚಿಸಿದ್ದಾರೆ ಅನ್ನಿಸಿ ನನಗೆ ತುಂಬಾ ಖುಷಿಯಾಯಿತು.

ನಮ್ಮ ಗೋಡೆಗೆ ಯಾವ ಬಿಳಿ? ಬಿಳಿಯಲ್ಲಿ ನೂರೆಂಟು ಬಗೆ. ನೀಲಿ ಛಾಯೆಯ ಬಿಳಿ ಮೋಡದ ಬೆಳಕಿನಲ್ಲಿ ಸಿಮೆಂಟಿನ ಹಾಗೆ ಬೂದು ಬಡಿಯುತ್ತದೆ. ಹಳದಿ ಛಾಯೆಯ ಕ್ರೀಮ್ ಎಲ್ಲರಿಗೂ ಇಷ್ಟ, ಆದರೆ ಹಸಿರು ಬೆಳಕಿನಲ್ಲಿ ಅದಕ್ಕೆ ರೋಗಿಷ್ಠ ಕಳೆ ಬರುತ್ತದೆ. ಹಸಿರಿನ ಎದುರು ಬಣ್ಣ ಕೆಂಪು. ಹಾಗಾಗಿ ಬಿಳಿಗೆ ಒಂದೇ ಒಂದು ಎಳೆ ಕೆಂಪು ಬೆರೆತಿದ್ದರೆ ತೋಟದಿಂದ ಬರುವ ಹಸಿರನ್ನು ಅದು ಕಳೆಯುತ್ತದೆ. ಕೆಂಪಕ್ಕಿ ಗಂಜಿಯ ತಿಳಿಯ ಹಾಗಿರುವ ಬಣ್ಣ ಅಂದರೆ ನಮ್ಮವರಿಗೆ ಥಟ್ಟಂತ ಗೊತ್ತಾಗುತ್ತದೆ. ಕೆಳಗಿನ ಕೆಂಪು ನೆಲದ ಛಾಯೆಯೂ ಅದರಲ್ಲಿ ಸೇರಿ ಹೋಗುತ್ತದೆ.

ಪೇಂಟರ್ ಅಣ್ಣನಿಗೆ ಡಬ್ಬಿ ತೆರೆದಾಗ ಗಾಬರಿ. "ಅಕ್ಕ, ಇದು ಪಿಂಕ್ ಆಗ್ತದೆ. ಆಮೇಲೆ ನನ್ನ ಹೇಳ್ಬೇಡಿ."

"ಬೋರ್ಡ್ ತಂದು ಕಿಟಕಿ ಹತ್ತಿರ ಇಟ್ಟು ನೋಡಿ ಅಣ್ಣ," ಅಂದೆ.

ಅಲ್ಲಿ ಅದು ಅಪ್ಪಟ ಬಿಳಿಯಾಗಿತ್ತು.

ಡಬ್ಬಿಯ ಮೇಲೆ ಅಥವಾ ಶೇಡ್ ಪುಸ್ತಕದಲ್ಲಿ ಕೆಲವು ಕಂಪನಿಯವರು ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಕೊಡುತ್ತಾರೆ. ಬಿದ್ದ ಬೆಳಕಿನಲ್ಲಿ ಎಷ್ಟನ್ನು ಆ ಬಣ್ಣ ವಾಪಸ್ ಕೊಡುತ್ತದೆ ಅನ್ನುವ ಅಳತೆ ಅದು. 0 ಅಂದರೆ ಎಲ್ಲ ನುಂಗುವ ಕಪ್ಪು, 100 ಅಂದರೆ ಎಲ್ಲ ಹಿಂದಿರುಗಿಸುವ ಬಿಳಿ. ನಮ್ಮಂಥ ಮಬ್ಬು ಬೆಳಕಿನ ಅಡುಗೆಮನೆಗೆ ಗೋಡೆ 70ಕ್ಕಿಂತ ಕೆಳಗೆ ಹೋಗದಿದ್ದರೆ ಒಳ್ಳೆಯದು. ಕಪಾಟು ಎಷ್ಟು ಗಾಢವಿದ್ದರೂ ಪರವಾಗಿಲ್ಲ, ಗೋಡೆ ಬೆಳಕನ್ನು ವಾಪಸ್ ಎಸೆಯುತ್ತಿರಬೇಕು.

ಈಗ ಬೋರ್ಡಿನ ವಿಷಯ. ಸ್ಯಾಂಪಲ್ ಬಣ್ಣವನ್ನು ಗೋಡೆಗೇ ಬಳಿದು ನೋಡುವುದು ವಾಡಿಕೆ. ಮಳೆಗಾಲದಲ್ಲಿ ಗೋಡೆ ಒದ್ದೆ, ಹಳೇ ಬಣ್ಣವೂ ಸುತ್ತ ಇರುತ್ತದೆ. ಅದರ ಬದಲು ತಟ್ಟೆಯಗಲದ ಪ್ಲೈವುಡ್ ತುಂಡಿಗೆ ಪ್ರೈಮರ್ ಹಾಕಿ ಎರಡು ಕೋಟ್ ಬಳಿಯಿರಿ. ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಒಲೆ ಹಿಂದೆ, ಸಿಂಕ್ ಮೇಲೆ, ಮೂಲೆಯಲ್ಲಿ, ನೆಲಕ್ಕೆ ತಾಗಿಸಿ. ಬೆಳಗ್ಗೆ, ಮಂಜು ಕವಿದಾಗ, ರಾತ್ರಿ ದೀಪದಲ್ಲಿ. ನಮ್ಮ ಮನೆಯಲ್ಲಿ ಆ ಬೋರ್ಡುಗಳು ಮಳೆಗಾಲ ಪೂರ್ತಿ ಅಡುಗೆಮನೆಯಲ್ಲಿ ಓಡಾಡಿಕೊಂಡಿದ್ದವು. ಬಂದ ನೆಂಟರೆಲ್ಲ ತಮ್ಮ ತಮ್ಮ ಅಭಿಪ್ರಾಯ ಹೇಳಿ ಹೋದರು.

ಉಳಿದ ಸಾಮಾನುಗಳಿಗೆ ಒಂದು ಮೊರ ಸಾಕಾಯಿತು. ಲ್ಯಾಮಿನೇಟ್ ತುಂಡು, ಟೈಲ್ಸ್ ಚೂರು, ಗ್ರಾನೈಟ್ ಕತ್ತರಿಸಿ ಉಳಿದ ಒಂದು ಪಟ್ಟಿ, ಹಳೇ ಹಲಸಿನ ಬಾಗಿಲಿನ ಒಂದು ಸೀಳು, ಹಿಡಿಕೆಗೆ ಆರಿಸಿದ ಹಿತ್ತಾಳೆ ಗುಬುಟು. ಎಲ್ಲವನ್ನೂ ಮೊರದಲ್ಲಿ ಹರಡಿ, ಕೆಂಪು ನೆಲದ ಮೇಲಿಟ್ಟು, ಪಕ್ಕದಲ್ಲಿ ಒಂದು ಕಾಫಿ ಟೊಂಗೆ ಇಟ್ಟೆ. ಅಂಗಡಿಯಲ್ಲಿ ಬೂದು ಅಂತ ಕಂಡಿದ್ದ ಒಂದು ಲ್ಯಾಮಿನೇಟ್ ಕೆಂಪು ನೆಲದ ಮೇಲೆ ಸ್ಪಷ್ಟವಾಗಿ ಹಸಿರು ತಿರುಗಿತು. ಹಸಿರು ಅಂತ ತಂದಿದ್ದು ಕಾಫಿ ಟೊಂಗೆಯ ಪಕ್ಕದಲ್ಲಿ ಬೂದಿಯ ಬಣ್ಣವಾಯಿತು. ವಸ್ತುಗಳು ಅವೇ, ನೆರೆಹೊರೆ ಬದಲಾಗಿತ್ತು ಅಷ್ಟೇ.

ಇದನ್ನು ಇನ್ನೂರು ವರ್ಷದ ಹಿಂದೆ ಶಾಸ್ತ್ರೀಯವಾಗಿ ಹಿಡಿದವನು ಶೆವ್ರಲ್ ಅನ್ನುವ ಫ್ರೆಂಚ್ ರಸಾಯನ ವಿಜ್ಞಾನಿ. 1824ರಲ್ಲಿ ಪ್ಯಾರಿಸ್‌ನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾದ. ಕಪ್ಪು ನೂಲು ಸರಿಯಾಗಿ ಕಪ್ಪಗಿಲ್ಲ ಅಂತ ದೂರು ಬರುತ್ತಿತ್ತು. ಅವನು ಪರೀಕ್ಷೆ ಮಾಡಿ ನೋಡಿದರೆ ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲುಗಳು ಕಪ್ಪನ್ನು ಮಂಕಾಗಿಸುತ್ತಿದ್ದವು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ತಮ್ಮ ಎದುರು ಬಣ್ಣದ ಕಡೆಗೆ ತಳ್ಳುತ್ತವೆ ಅಂತ ಅವನು 1839ರಲ್ಲಿ ಬರೆದು ಪ್ರಕಟಿಸಿದ. ಕೆಂಪು ನೆಲದ ಮೇಲೆ ಬೂದು ಲ್ಯಾಮಿನೇಟ್ ಹಸಿರಾಗಿದ್ದು ಇದಕ್ಕೇ. ಹಾಗಾಗಿ ಅಂಗಡಿಯಲ್ಲಿ ಒಂದೊಂದನ್ನೇ ಬೇರೆ ಬೇರೆಯಾಗಿ ನೋಡಿ ಆರ್ಡರ್ ಕೊಡಬೇಡಿ. ತುಂಡು ಕೇಳಿ ತನ್ನಿ. ಕೇಳಿದರೆ ಕೊಡುತ್ತಾರೆ.

ಹಲಸಿನ ಮರದ ಬಗ್ಗೆ ಒಂದು ಮಾತು. ಹೊಸದಾಗಿ ಕೊಯ್ದಾಗ ಅದು ಹಳದಿ. ವರ್ಷಗಳು ಹೋದ ಹಾಗೆ ಕಂದು ತಿರುಗುತ್ತದೆ. ಹೊಸ ಹಲಗೆಯ ಹಳದಿಗೆ ಹೊಂದಿಸಿ ಗೋಡೆ ಬಣ್ಣ ಆರಿಸಿದರೆ ಆಮೇಲೆ ತಾಳ ತಪ್ಪುತ್ತದೆ. ಮನೆಯಲ್ಲಿರುವ ಹಳೇ ಬಾಗಿಲನ್ನೋ ಹಳೇ ಪೆಟ್ಟಿಗೆಯನ್ನೋ ನೋಡಿ ಆರಿಸಿ. ಆ ಮರ ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಅದು ತೋರಿಸುತ್ತದೆ. ಬೀಟೆ ಮರದ ಸಾಮಾನು ಇದ್ದವರಿಗೆ ಈ ಚಿಂತೆ ಕಡಿಮೆ, ಅದು ಮೊದಲಿನಿಂದಲೇ ಗಾಢ.

ಅಡುಗೆ ಕಟ್ಟೆಯ ಬಣ್ಣವನ್ನು ನಮ್ಮ ಊಟವೇ ನಿರ್ಧರಿಸಬೇಕು. ಮುಖ್ಯವಾಗಿ ಕಾಚಂಪುಳಿ. ಪಂದಿ ಕರಿಗೆ ಅದಿಲ್ಲದೆ ಆಗುವುದಿಲ್ಲ. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಇಳಿಸಿದ ಕಪ್ಪು ಹುಳಿ, ಬಹಳ ತೀಕ್ಷ್ಣವಾದ ಹುಳಿ. ಹಳೇ ಮನೆಗಳಲ್ಲಿ ಕಟ್ಟೆಗೆ ಕಡಪ ಕಲ್ಲು ಇರುತ್ತದೆ. ಕಡಪ ಸುಣ್ಣದ ಅಂಶದ ಕಲ್ಲು, ಹುಳಿ ತಾಗಿದರೆ ಅದರ ಮೈ ಕರಗುತ್ತದೆ. ಬಾಟಲಿಯ ಬಾಯಿಂದ ಇಳಿದ ಒಂದು ಹನಿ ಕಟ್ಟೆಯ ಮೇಲೆ ಒಂದು ರಾತ್ರಿ ಉಳಿದರೆ ಬೆಳಗ್ಗೆ ಅಲ್ಲಿ ಹೊಳಪು ಹೋದ ಒಂದು ಬೆಳ್ಳನೆ ಕಲೆ. ಬೆರಳಲ್ಲಿ ಸವರಿದರೆ ಅಲ್ಲಿ ತರಿತರಿ. ಎಷ್ಟು ಎಣ್ಣೆ ಉಜ್ಜಿದರೂ ಅದು ಪೂರ್ತಿ ಹೋಗುವುದಿಲ್ಲ. ಬಿಳಿ ಮಾರ್ಬಲ್ ಹಾಕಿಸಿದವರ ಕಷ್ಟ ಇನ್ನೂ ಹೆಚ್ಚು. ಹುಳಿ ಕರಗಿಸುವುದೂ ಹೌದು, ಕಪ್ಪು ಕಲೆ ಉಳಿಯುವುದೂ ಹೌದು. ಗ್ರಾನೈಟ್ ಈ ಹುಳಿಗೆ ಜಗ್ಗುವುದಿಲ್ಲ. ಚಾಮರಾಜನಗರದ ಕಡೆಯ ಕಪ್ಪು ಗ್ರಾನೈಟ್ ಕೆಂಪು ನೆಲಕ್ಕೆ ಚೆನ್ನಾಗಿ ಹೊಂದುತ್ತದೆ. ನಾವು ಅದನ್ನೇ ಹಾಕಿಸಿದೆವು. ಅಕ್ಕಿ ಹಿಟ್ಟು ಚೆಲ್ಲಿದರೆ ಎದ್ದು ಕಾಣುತ್ತದೆ ಅನ್ನುವುದೊಂದೇ ಅದರ ತೊಂದರೆ. ಒಟ್ಟಿ, ಅಂದರೆ ಅಕ್ಕಿ ರೊಟ್ಟಿ, ತಟ್ಟುವ ಮನೆಯಲ್ಲಿ ಕಟ್ಟೆ ಒರೆಸುವುದು ಇದ್ದದ್ದೇ ಬಿಡಿ.

ಅರಿಶಿನದ ಕಥೆ ಬೇರೆ. ತಿಳಿ ಬಣ್ಣದ ಲ್ಯಾಮಿನೇಟ್ ಮೇಲೆ ಅರಿಶಿನ ಬಿದ್ದರೆ ಕಲೆ, ಸೋಪು ಹಚ್ಚಿದರೆ ಆ ಕಲೆ ಕೆಂಪಾಗುತ್ತದೆ. ಗಾಬರಿ ಬೇಡ. ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ. ಆದರೆ ಮಳೆಗಾಲದಲ್ಲಿ ಆ ಬಿಸಿಲು ಎಲ್ಲಿಂದ ಬರಬೇಕು? ಹಾಗಾಗಿ ಒಲೆಯ ಅಕ್ಕಪಕ್ಕದ ಶಟರ್‌ಗಳಿಗೆ ತೀರಾ ತಿಳಿ ಬಣ್ಣ ಬೇಡ ಅಂತ ತೀರ್ಮಾನ ಮಾಡಿದೆವು. ಕೆಳಗಿನ ಕಪಾಟುಗಳಿಗೆಲ್ಲ ಬೂದುಹಸಿರು ಬಂತು. ಮೇಲೆ ಬಾಗಿಲೇ ಇಲ್ಲದ ಹಲಸಿನ ಹಲಗೆಗಳು. ಮುಚ್ಚಿದ ಕಪಾಟಿನೊಳಗೆ ಮಳೆಗಾಲದಲ್ಲಿ ಬೂಷ್ಟಿನ ವಾಸನೆ ಸೇರಿಕೊಳ್ಳುತ್ತದೆ, ತೆರೆದ ಹಲಗೆಯಲ್ಲಿ ಗಾಳಿ ಆಡುತ್ತದೆ. ಆ ಹಲಗೆಯ ಮೇಲೆ ತಾಮ್ರ, ಹಿತ್ತಾಳೆ ಪಾತ್ರೆಗಳಿವೆ. ನೂರರಲ್ಲಿ ಹತ್ತು ಪಾಲಿನ ಹೊಳಪು ಅಲ್ಲಿಂದ ಬಂತು. ಅದಕ್ಕಾಗಿ ಬೇರೇನೂ ಕೊಳ್ಳಬೇಕಾಗಲಿಲ್ಲ.

ಟೈಲ್ಸ್ ಬಗ್ಗೆ ಹೇಳುವುದು ಕಡಿಮೆ. ಗೋಡೆಯ ಬಿಳಿಗೆ ಹತ್ತಿರದ ಬಿಳಿ ಸಾಕು. ಆದರೆ ನಡುವಿನ ಸಂದು ತುಂಬುವ ಗ್ರೌಟ್ ಬಿಳಿ ಬೇಡ. ಒಂದೇ ಮಳೆಗಾಲಕ್ಕೆ ಅದರಲ್ಲಿ ಕಪ್ಪು ಚುಕ್ಕಿ ಬರುತ್ತದೆ. ಬೂದು ಬಣ್ಣದ ಎಪಾಕ್ಸಿ ಗ್ರೌಟ್ ಕೇಳಿ. ದುಡ್ಡು ಸ್ವಲ್ಪ ಜಾಸ್ತಿ, ನೀರು ಹೀರುವುದಿಲ್ಲ.

ದೀಪದ ವಿಷಯಕ್ಕೆ ಬರದೆ ಬಣ್ಣದ ಮಾತು ಮುಗಿಯುವುದಿಲ್ಲ. ಅಂಗಡಿಯಲ್ಲಿ ಬಲ್ಬ್ ಕೊಡಿ ಅಂದರೆ ಸಾಮಾನ್ಯವಾಗಿ ಕೊಡುವುದು 6500 ಕೆಲ್ವಿನ್‌ನ ನೀಲಿ ಬಿಳಿ. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. 3000 ಅಂತ ಇದ್ದರೆ ಹಳದಿ ಬೆಚ್ಚಗಿನ ಬೆಳಕು, 4000 ಎರಡರ ನಡುವೆ. ಇವುಗಳ ನಡುವಿನ ವ್ಯತ್ಯಾಸ ಕಣ್ಣಾರೆ ಕಾಣಬೇಕು ಅಂದರೆ ಕೊಡವರ ಕಕ್ಕಡ ತಿಂಗಳ 18ರವರೆಗೆ ಕಾಯಿರಿ. ಆಗಸ್ಟ್ 3ರ ಸುಮಾರಿಗೆ ಬರುತ್ತದೆ ಆ ದಿನ. ಮದ್ದು ಸೊಪ್ಪು ಬೇಯಿಸಿದ ನೀರಿನ ನೇರಳೆ ಬಣ್ಣದಲ್ಲಿ ಪಾಯಸ ಮಾಡುತ್ತೇವಲ್ಲ, ಅದನ್ನು ಬಿಳಿ ಬಟ್ಟಲಲ್ಲಿ ಹಾಕಿ 6500ರ ದೀಪದ ಕೆಳಗೆ ಇಡಿ. ಶಾಯಿಯ ಕಳೆ ಬರುತ್ತದೆ, ತಿನ್ನುವ ಮನಸ್ಸೇ ಹಿಂದೆ ಸರಿಯುತ್ತದೆ. 3000ರ ದೀಪದ ಕೆಳಗೆ ತನ್ನಿ, ಅದೇ ಪಾಯಸದ ನೇರಳೆಯಲ್ಲಿ ಕೆಂಪು ಏಳುತ್ತದೆ. ಗೋಡೆಗೂ ನೆಲಕ್ಕೂ ಆಗುವುದು ಇದೇ. ನಮ್ಮ ಅಡುಗೆಮನೆಗೆ ಕಟ್ಟೆಯ ಮೇಲೆ 4000, ಊಟದ ಮೇಜಿನ ಮೇಲೆ 3000 ಹಾಕಿದ್ದೇವೆ. ಪೆಟ್ಟಿಗೆಯ ಮೇಲೆ ಸಿಆರ್‌ಐ ಅನ್ನುವ ಇನ್ನೊಂದು ಸಂಖ್ಯೆಯೂ ಇರುತ್ತದೆ, ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ. ಅದು 90 ಅಥವಾ ಮೇಲಿದ್ದರೆ ಕೆಂಪು ಬಣ್ಣಗಳು ಸತ್ತ ಹಾಗೆ ಕಾಣುವುದಿಲ್ಲ. ಮಾಂಸ ತಾಜಾ ಇದೆಯೋ ಇಲ್ಲವೋ ನೋಡುವುದಕ್ಕೂ ಅದು ಬೇಕು.

ಮಳೆಗಾಲದಲ್ಲಿ ದೀಪವೇ ಇಲ್ಲದ ಸಂಜೆಗಳೂ ಇರುತ್ತವಲ್ಲ. ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ ಹೇಳುವವರಿಲ್ಲ. ಆಗ ಒಂದು ವಿಚಿತ್ರ ನಡೆಯುತ್ತದೆ. ಹಗಲಿನಲ್ಲಿ ಉರಿಯುವ ಕೆಂಪಿನ ದಾಸವಾಳ ಸಂಜೆಗತ್ತಲಲ್ಲಿ ಕಪ್ಪಾಗುತ್ತದೆ, ಅದರ ಎಲೆ ಮಾತ್ರ ಇನ್ನೂ ತೆಳ್ಳಗೆ ಬೆಳಗುತ್ತಿರುತ್ತದೆ. 19ನೇ ಶತಮಾನದ ಆರಂಭದಲ್ಲಿ ಚೆಕ್ ವಿಜ್ಞಾನಿ ಪುರ್ಕಿನ್ಯೆ ಜೆರೇನಿಯಂ ಹೂ ನೋಡುತ್ತಾ ಇದನ್ನೇ ಗಮನಿಸಿದ್ದ. ಮಬ್ಬಿನಲ್ಲಿ ನಮ್ಮ ಕಣ್ಣು ಕೆಂಪನ್ನು ಮೊದಲು ಕಳೆದುಕೊಳ್ಳುತ್ತದೆ, ನೀಲಿ ಹಸಿರುಗಳನ್ನು ಕೊನೆಯವರೆಗೆ ಹಿಡಿದಿರುತ್ತದೆ. ಅಂದರೆ ನಮ್ಮ ಕೆಂಪು ನೆಲ ಆ ಹೊತ್ತಿನಲ್ಲಿ ಕಪ್ಪು ಗುಂಡಿ. ಮೆಟ್ಟಿಲಿದ್ದರೆ ಕಾಲು ತಪ್ಪುತ್ತದೆ. ಅತ್ತೆಗೆ ಎಪ್ಪತ್ತು ದಾಟಿದೆ. ಹಾಗಾಗಿ ಅಡುಗೆಮನೆಯಿಂದ ಹಿಂದಿನ ಕೋಣೆಗೆ ಇಳಿಯುವ ಮೆಟ್ಟಿಲಿನ ಅಂಚಿಗೆ ಬೂದುಹಸಿರಿನದೇ ತಿಳಿ ಛಾಯೆಯ ಒಂದು ಪಟ್ಟಿ ಬಳಿಸಿದೆವು. ಕಪಾಟಿಗೆ ಹೊಂದುತ್ತದೆ, ಕತ್ತಲಲ್ಲಿ ಕಾಣುತ್ತದೆ. ಇಡೀ ಅಡುಗೆಮನೆಯಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಬಣ್ಣ ಅದು.

ಹಿಂದಿನ ಕೋಣೆಯ ಗೋಡೆಗೆ ನೀಲಿ ಸುಣ್ಣವನ್ನೇ ಉಳಿಸಿದ್ದೇವೆ. ಅಲ್ಲಿ ಸೌದೆ ಒಲೆ ಇನ್ನೂ ಉರಿಯುತ್ತದೆ, ಸ್ನಾನದ ನೀರು ಕಾಯುವುದೂ ಅಲ್ಲೇ. ಮಾಡ್ಯುಲರ್‌ನವರು ಬಂದು ಅಳತೆ ತೆಗೆಯುವಾಗ ಅದನ್ನೂ ಮುಂದಿನದಕ್ಕೆ ಮ್ಯಾಚ್ ಮಾಡೋಣ ಅಂದರು. ನಾನು ಬೇಡ ಅಂದೆ. ಆ ಬೆಳಕಿಗೆ ಆ ಬಣ್ಣವೇ ಸರಿ. ಎರಡು ಕೋಣೆಗೆ ಎರಡು ಬೆಳಕಿದ್ದರೆ ಎರಡು ಬಣ್ಣ ಇರಲಿ.

ಬಳಿಸುವ ಸಮಯಕ್ಕೆ ಒಂದೆರಡು ಕೆಲಸದ ಮಾತು. ಮಿಷಿನ್‌ನಲ್ಲಿ ಬೆರೆಸುವ ಬಣ್ಣವನ್ನು ಬೇಕಾದಷ್ಟನ್ನೂ ಒಂದೇ ಸಲ ತರಿಸಿ. ಬೇರೆ ಬೇರೆ ದಿನ ಬೆರೆಸಿದ್ದಕ್ಕೆ ಕೂದಲೆಳೆ ವ್ಯತ್ಯಾಸ ಬರಬಹುದು, ಗೋಡೆಯ ನಡುವೆ ಅದು ಗೆರೆಯಾಗಿ ಕಾಣುತ್ತದೆ. ಡಬ್ಬಿಗಳನ್ನು ಒಂದು ದೊಡ್ಡ ಬಕೆಟ್‌ಗೆ ಸುರಿದು ಕಲಸಿಯೇ ಬಳಿಯಲು ಪೇಂಟರ್‌ಗೆ ಹೇಳಿ. ಮ್ಯಾಟ್ ಫಿನಿಶ್ ಅಡುಗೆಮನೆಗೆ ಬೇಡ, ಒರೆಸಲು ಬರುವುದಿಲ್ಲ. ತೀರಾ ಹೊಳೆಯುವುದೂ ಬೇಡ, ಟ್ಯೂಬ್‌ಲೈಟ್ ಅದರಲ್ಲಿ ಪ್ರತಿಬಿಂಬ ಬೀಳುತ್ತದೆ. ಸ್ಯಾಟಿನ್ ಅಂತ ಕೇಳಿ, ನಡುವಿನದು ಕೊಡುತ್ತಾರೆ. ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿರುವ ಕೋಡ್, ಕಂಪನಿಯ ಹೆಸರು, ಫಿನಿಶ್, ಇಸವಿ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಸಿಂಕ್ ಪಕ್ಕದ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ಮುಚ್ಚಳ ತುಕ್ಕು ಹಿಡಿಯುತ್ತದೆ, ಅಂಗಡಿಯವರ ಪುಸ್ತಕದಲ್ಲಿ ಹಳೇ ಲೆಕ್ಕ ಸಿಗುವುದಿಲ್ಲ. ಮುಂದಿನ ಸಲ ಗೋಡೆಯ ಒಂದು ಮೂಲೆಗೆ ಬಣ್ಣ ಹಚ್ಚಬೇಕಾದಾಗ ಆ ಚೀಟಿ ತೋರಿಸಿದರೆ ಸಾಕು.